ಹಳೆಯ ಅಂತರಿಕ್ಷ ನೌಕೆಗೆ ಹೊಸ ಎಫೆಕ್ಟ್ ಬೇಕೇ?

ಓದುಗರ ಪ್ರಶ್ನೆ, ನಮ್ಮ ಉತ್ತರ

ಹಳೆಯ ವೈಜ್ಞಾನಿಕ ಧಾರಾವಾಹಿಗಳ ಎಫೆಕ್ಟ್‌ಗಳನ್ನು ಕಂಪ್ಯೂಟರ್‌ನಲ್ಲಿ ಹೊಸದಾಗಿ ಮಾಡುವುದು ಸರಿಯೇ ಎಂದು ಕೇಳಿ ಬಂದ ಪತ್ರಗಳಿಗೆ ಈ ಬಾರಿಯ ಅಂಕಣ ಪೂರ್ತಿ ಮೀಸಲು. ಒಂದೇ ಪ್ರಶ್ನೆ ಹಲವರಿಂದ ಬಂದಿದ್ದರೆ ಒಂದನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಪ್ರಶ್ನೆ: ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ನೋಡಿದ್ದ ‘ಸ್ಟಾರ್ ಟ್ರೆಕ್’ ಅನ್ನು ಈಗ ಓಟಿಟಿಯಲ್ಲಿ ನೋಡಿದರೆ ನೌಕೆ ಬೇರೆಯೇ ಕಾಣುತ್ತದೆ. ನನ್ನ ನೆನಪು ಕೈಕೊಟ್ಟಿದೆಯೋ, ಯಾರಾದರೂ ತಿದ್ದಿದ್ದಾರೋ? – ಓದುಗರು, ಶಿವಮೊಗ್ಗ

ಉತ್ತರ: ನಿಮ್ಮ ನೆನಪು ಸರಿಯಾಗಿಯೇ ಇದೆ. 1966ರಿಂದ 1969ರವರೆಗೆ ಅಮೆರಿಕದ ಎನ್‌ಬಿಸಿಯಲ್ಲಿ ಬಂದ ಮೂಲ ಸರಣಿಯ 79 ಕಂತುಗಳನ್ನು 2006–08ರಲ್ಲಿ ಸಿಬಿಎಸ್ ಡಿಜಿಟಲ್ ಹೊಸದಾಗಿ ಸ್ಕ್ಯಾನ್ ಮಾಡಿ, ನೌಕೆ, ಗ್ರಹ, ಫೇಸರ್ ಎಂಬ ಆಯುಧದ ಕಿರಣ, ದೂರದ ನಗರಗಳ ಚಿತ್ರಪಟ ಇವನ್ನೆಲ್ಲ ಕಂಪ್ಯೂಟರ್‌ನಲ್ಲಿ ಮರುಸೃಷ್ಟಿಸಿತು. ನಟರಿರುವ ದೃಶ್ಯಗಳನ್ನು ಬಹುಮಟ್ಟಿಗೆ ಇದ್ದಂತೆಯೇ ಬಿಟ್ಟು ತೊಳೆದು ಒರೆಸಿದ್ದಾರೆ, ಅಷ್ಟೆ. ಸ್ಟ್ರೀಮಿಂಗ್‌ನಲ್ಲಿ ಸಾಮಾನ್ಯವಾಗಿ ಸಿಗುವುದು ಈ ಹೊಸ ರೂಪ.

ಯಾವುದನ್ನು ನೋಡುತ್ತಿದ್ದೀರೆಂದು ತಿಳಿಯಲು ಒಂದು ಸುಲಭದ ಉಪಾಯವಿದೆ. ಕ್ಯಾಪ್ಟನ್ ಕರ್ಕ್ ಮುಖದಿಂದ ನೌಕೆಯ ಶಾಟ್‌ಗೆ ಕತ್ತರಿ ಬಿದ್ದ ಕ್ಷಣದಲ್ಲಿ ಚಿತ್ರ ಇದ್ದಕ್ಕಿದ್ದಂತೆ ಮರಳುಮರಳಾದರೆ, ನೌಕೆಯ ಅಂಚಿನಲ್ಲಿ ಸಣ್ಣ ಕಪ್ಪು ಗೆರೆಯೋ ನೀಲಿ ಗೆರೆಯೋ ಕಂಡರೆ ಅದು ಮೂಲ. ಫಿಲ್ಮಿನ ಮರಳಿನಂಥ ಕಣವಿಲ್ಲದೆ ನುಣ್ಣಗಿದ್ದು, ಗ್ರಹದ ಮೇಲೆ ಮೋಡ ತೇಲುತ್ತಿದ್ದರೆ ಹೊಸದು. ಇನ್ನೂ ಅನುಮಾನವಿದ್ದರೆ ‘ಅರೀನಾ’ ಎಂಬ ಕಂತು ಹಾಕಿ. ಕರ್ಕ್ ಜೊತೆ ಕಾದಾಡುವ ಹಲ್ಲಿಮುಖದ ಗಾರ್ನ್ ಕಣ್ಣು ಮಿಟುಕಿಸಿದರೆ ಅದು 2006ರ ನಂತರದ ಕೈಚಳಕ. ಮೂಲದಲ್ಲಿ ಅದು ರಬ್ಬರ್ ಮುಖವಾಡ, ಮಿಟುಕಿಸುವ ಪ್ರಶ್ನೆಯೇ ಇಲ್ಲ. ಈ ಮಿಟುಕನ್ನು ಯಾರೂ ಕೇಳಿರಲಿಲ್ಲ ಎನ್ನುವುದು ನಮ್ಮ ತಕರಾರು.

ಬ್ಲೂರೇ ಡಿಸ್ಕ್‌ನಲ್ಲಿ ಎರಡೂ ರೂಪಗಳಿವೆ. ಮೊದಲ ಸೀಸನ್‌ನ ಡಿಸ್ಕ್ ಓಡುತ್ತಿರುವಾಗಲೇ ರಿಮೋಟ್‌ನ ಆ್ಯಂಗಲ್ ಬಟನ್ ಒತ್ತಿ ಒಂದರಿಂದ ಇನ್ನೊಂದಕ್ಕೆ ಹೋಗಬಹುದು.

ಪ್ರಶ್ನೆ: ಅದನ್ನು 35 ಎಂಎಂ ಫಿಲ್ಮ್‌ನಲ್ಲೇ ತೆಗೆದಿದ್ದಲ್ಲವೇ? ನೆಗೆಟಿವ್ ಸ್ಕ್ಯಾನ್ ಮಾಡಿದರೆ ನೌಕೆಯೂ ತಾನಾಗಿ ಚೆನ್ನಾಗಿ ಕಾಣಬೇಕಿತ್ತು. ಮತ್ತೆ ಮಾಡುವ ಉಸಾಬರಿ ಏಕೆ? – ಓದುಗರು, ಹಾಸನ

ಉತ್ತರ: ನಟರ ದೃಶ್ಯಗಳ ಮಟ್ಟಿಗೆ ನೀವು ಹೇಳಿದ್ದು ನೂರಕ್ಕೆ ನೂರು ನಿಜ. ನೌಕೆಯ ಶಾಟ್‌ಗಳ ಕಥೆ ಬೇರೆ.

ನೌಕೆಯ ದೊಡ್ಡ ಮಾದರಿ 11 ಅಡಿ ಉದ್ದದ್ದು. ಅದನ್ನು ನೀಲಿ ಪರದೆಯ ಮುಂದೆ ನಿಲ್ಲಿಸಿ ಚಿತ್ರೀಕರಿಸಿದರು. ನಕ್ಷತ್ರಗಳದ್ದು ಬೇರೆ ಫಿಲ್ಮ್, ಗ್ರಹದ್ದು ಇನ್ನೊಂದು. ಇವನ್ನು ಒಂದುಗೂಡಿಸುವ ಯಂತ್ರದ ಹೆಸರು ಆಪ್ಟಿಕಲ್ ಪ್ರಿಂಟರ್. ಒಂದು ಕಡೆ ಪ್ರೊಜೆಕ್ಟರ್, ಅದಕ್ಕೆ ಎದುರಾಗಿ ಕ್ಯಾಮೆರಾ. ನೌಕೆಯ ಫಿಲ್ಮ್‌ನಿಂದ ಮೊದಲು ಎರಡು ಮ್ಯಾಟ್, ಅಂದರೆ ಬೆಳಕು ತಡೆಯುವ ಮರೆಗಳನ್ನು ತೆಗೆಯುತ್ತಾರೆ. ಒಂದರಲ್ಲಿ ನೌಕೆಯ ಆಕಾರ ಕಪ್ಪು, ಸುತ್ತ ಪಾರದರ್ಶಕ. ಇನ್ನೊಂದು ಅದರ ತದ್ವಿರುದ್ಧ. ಮೊದಲ ಮ್ಯಾಟ್ ಇಟ್ಟು ನಕ್ಷತ್ರಗಳನ್ನು ಪ್ರಿಂಟ್ ಮಾಡಿದರೆ ನೌಕೆಯ ಜಾಗಕ್ಕೆ ಬೆಳಕು ಬೀಳದೆ ಉಳಿಯುತ್ತದೆ. ಫಿಲ್ಮ್ ಹಿಂದಕ್ಕೆ ಸುತ್ತಿ, ಎರಡನೇ ಮ್ಯಾಟ್ ಇಟ್ಟು, ಖಾಲಿ ಉಳಿದ ಆ ಜಾಗದಲ್ಲಿ ನೌಕೆಯನ್ನು ಪ್ರಿಂಟ್ ಮಾಡುತ್ತಾರೆ. ಎರಡು ಮ್ಯಾಟ್‌ಗಳು ಕೂದಲೆಳೆಯಷ್ಟು ಸರಿದರೂ ಅಂಚಿನಲ್ಲಿ ಗೆರೆ ಬೀಳುತ್ತದೆ. ತಿಳಿಬೂದು ಬಣ್ಣದ ನೌಕೆಯ ಮೈಮೇಲೆ ನೀಲಿ ಪರದೆಯ ಬೆಳಕು ಪ್ರತಿಫಲಿಸಿದರಂತೂ ಆ ಭಾಗವೂ ಮ್ಯಾಟ್‌ನಲ್ಲಿ ಪರದೆ ಎಂದೇ ಲೆಕ್ಕವಾಗಿ ನೌಕೆಯಲ್ಲಿ ತೂತು ಕಾಣುತ್ತದೆ.

ಹೀಗೆ ಸಿದ್ಧವಾದದ್ದು ನಕಲಿನ ನಕಲು. ಕ್ಯಾಮೆರಾದ ನೆಗೆಟಿವ್‌ನಿಂದ ಪಾಸಿಟಿವ್, ಅದರಿಂದ ಮತ್ತೆ ನೆಗೆಟಿವ್. ಪ್ರತಿ ಸಲವೂ ಕಣ ದಪ್ಪವಾಗುತ್ತದೆ, ವಿವರ ಮಸುಕಾಗುತ್ತದೆ. ಕಂತಿನ ನೆಗೆಟಿವ್‌ಗೆ ಅಂಟಿಸಿರುವುದೇ ಈ ನಕಲು, ಆದ್ದರಿಂದ ಎಷ್ಟೇ ಒಳ್ಳೆಯ ಸ್ಕ್ಯಾನರ್ ಇದ್ದರೂ ಅದಕ್ಕಿಂತ ಹೆಚ್ಚು ಹಿಂಡಲು ಬರುವುದಿಲ್ಲ. ಬಿಡಿ ತುಣುಕುಗಳು ಕೈಗೆ ಸಿಕ್ಕರೆ ಮತ್ತೆ ಜೋಡಿಸಬಹುದು. ಟಿವಿ ಸರಣಿಗೆಂದು ಅವನ್ನು ಜೋಪಾನ ಮಾಡಿಡುವ ರೂಢಿ ಆಗ ಇರಲಿಲ್ಲ.

ಇನ್ನೊಂದು ಸ್ವಾರಸ್ಯ. ಆ 11 ಅಡಿಯ ಮಾದರಿಯ ಎಡಮೈ ಪೂರ್ತಿ ಮುಗಿಸಿದ್ದಲ್ಲ. ದೀಪಗಳ ವೈರುಗಳೆಲ್ಲ ಒಳಗೆ ಹೋಗುತ್ತಿದ್ದುದು ಆ ಕಡೆಯಿಂದ. ನೌಕೆ ಎದುರು ದಿಕ್ಕಿಗೆ ಹೋಗುವಂತೆ ತೋರಿಸಬೇಕಾದಾಗ ಅಂಕಿ ಅಕ್ಷರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ ಅಂಟಿಸಿ, ತೆಗೆದ ಫಿಲ್ಮ್ ಅನ್ನು ಮಗುಚಿ ಹಾಕುತ್ತಿದ್ದರು. ಅದಕ್ಕೇ ಮೂಲ ಸರಣಿಯಲ್ಲಿ ಅವವೇ ನಾಲ್ಕೈದು ಕೋನಗಳು ಮತ್ತೆ ಮತ್ತೆ ಬರುವುದು. ಆ ಮಾದರಿ 1974ರಿಂದ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. 2016ರಲ್ಲಿ ಜೀರ್ಣೋದ್ಧಾರವಾಗಿ ವಾಷಿಂಗ್ಟನ್‌ನ ವಾಯು ಮತ್ತು ಅಂತರಿಕ್ಷ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನಕ್ಕೆ ಬಂತು.

ಹೊಸ ಎಫೆಕ್ಟ್ ನಿಜವಾಗಿ ಕೆಲಸಕ್ಕೆ ಬಂದ ಕಂತು ಬೇಕೆಂದರೆ 1967ರ ‘ದಿ ಡೂಮ್ಸ್‌ಡೇ ಮೆಷಿನ್’. ಅದರಲ್ಲಿ ಜರ್ಜರಿತವಾಗಿ ತೇಲುವ ಇನ್ನೊಂದು ನೌಕೆ ಅಂಗಡಿಯಲ್ಲಿ ಸಿಗುತ್ತಿದ್ದ ಎಎಂಟಿ ಕಂಪನಿಯ ಪ್ಲಾಸ್ಟಿಕ್ ಕಿಟ್. ಡಬ್ಬಿಯಲ್ಲಿದ್ದ, ಕರ್ಕ್ ನೌಕೆಯ ಸಂಖ್ಯೆಯಾದ 1701ರ ಅಂಕಿಗಳನ್ನೇ ಹಿಂದುಮುಂದು ಮಾಡಿ 1017 ಎಂದು ಅಂಟಿಸಿದ್ದರು. ಕಥೆಗೆ ಬೇಕಾದ ಭಾರ ಆ ಆಟಿಕೆಗೆ ಇರಲಿಲ್ಲ. ಹೊಸ ರೂಪದಲ್ಲಿ ಒಡೆದ ಲೋಹದ ಪದರ, ಸುತ್ತ ತೇಲುವ ಚೂರು ಕಾಣುತ್ತವೆ. ಕಥೆ ಮುಂಚೆಯೇ ಹೇಳುತ್ತಿದ್ದುದನ್ನೇ ಚಿತ್ರವೂ ಹೇಳುತ್ತದೆ. ಮಿಕ್ಕ ಬಹುತೇಕ ಕಂತುಗಳಲ್ಲಿ ನಮ್ಮ ಓಟು ಮೂಲಕ್ಕೇ. ಅದರಲ್ಲೂ 2006ರ ಮೊದಮೊದಲ ಕಂತುಗಳಲ್ಲಿ ವಾರವಾರದ ಪ್ರಸಾರದ ಗಡುವಿಗೆ ಸಿಕ್ಕ ಕಂಪ್ಯೂಟರ್ ನೌಕೆ ಪ್ಲಾಸ್ಟಿಕ್ ಡಬ್ಬಿಯಂತೆ ಕಾಣುತ್ತದೆ. ಮುಂದೆ ಅದನ್ನು ಸುಧಾರಿಸಿದರು.

ಪ್ರಶ್ನೆ: ‘ನೆಕ್ಸ್ಟ್ ಜನರೇಷನ್’ ಹೈ ಡೆಫಿನಿಷನ್‌ನಲ್ಲಿ ಬಂತು. ‘ಡೀಪ್ ಸ್ಪೇಸ್ ನೈನ್’, ‘ಬ್ಯಾಬಿಲಾನ್ 5’ ಏಕೆ ಹಾಗೆ ಬರಲಿಲ್ಲ? – ಓದುಗರು, ಮೈಸೂರು

ಉತ್ತರ: ‘ಸ್ಟಾರ್ ಟ್ರೆಕ್’ನದೇ ಮುಂದಿನ ಸರಣಿಯಾದ 1987–94ರ ‘ನೆಕ್ಸ್ಟ್ ಜನರೇಷನ್’ ವಿಚಿತ್ರ ಸ್ಥಿತಿಯಲ್ಲಿತ್ತು. ಚಿತ್ರೀಕರಣವೆಲ್ಲ 35 ಎಂಎಂ ಫಿಲ್ಮ್‌ನಲ್ಲಿ. ಎಡಿಟಿಂಗ್, ಎಫೆಕ್ಟ್ ಜೋಡಣೆ ಮಾತ್ರ ಅಮೆರಿಕದ ಟಿವಿ ಮಾನದಂಡವಾದ ಎನ್‌ಟಿಎಸ್‌ಸಿ ವಿಡಿಯೊ ಟೇಪಿನಲ್ಲಿ, 480 ಗೆರೆಗಳಲ್ಲಿ. ಅಂದರೆ ಪೂರ್ತಿ ಕಂತು ಎಂಬುದು ಫಿಲ್ಮ್‌ನಲ್ಲಿ ಎಲ್ಲೂ ಇರಲೇ ಇಲ್ಲ. ಆದ್ದರಿಂದ 2012–14ರ ನಡುವೆ 178 ಕಂತುಗಳನ್ನೂ ಹೊಸದಾಗಿ ಎಡಿಟ್ ಮಾಡಿದಂತೆಯೇ ಆಯಿತು. ಉಗ್ರಾಣದ ರೀಲುಗಳಲ್ಲಿ ಸರಿಯಾದ ಟೇಕ್ ಹುಡುಕು, ಸ್ಕ್ಯಾನ್ ಮಾಡು, ಹಳೆಯ ಟೇಪಿನ ಪಕ್ಕ ಇಟ್ಟು ಫ್ರೇಮಿಗೆ ಫ್ರೇಮ್ ಹೊಂದಿಸು.

ಇಲ್ಲಿ ಅದೃಷ್ಟವೆಂದರೆ ಎಫೆಕ್ಟ್‌ಗಳ ಬಿಡಿ ಫಿಲ್ಮ್ ಉಳಿದಿತ್ತು. ಕಂಪ್ಯೂಟರ್ ನಿಯಂತ್ರಿತ ಕ್ಯಾಮೆರಾ ಒಂದೇ ಹಾದಿಯಲ್ಲಿ ಹಲವು ಸಲ ಚಲಿಸುತ್ತಿತ್ತು. ಒಂದು ಸಲ ನೌಕೆಯ ಮೈಗೆ, ಒಂದು ಸಲ ಕಿಟಕಿಗಳ ದೀಪಕ್ಕೆ, ಒಂದು ಸಲ ಎಂಜಿನ್ ಹೊಳಪಿಗೆ, ಇನ್ನೊಂದು ಸಲ ಮ್ಯಾಟ್‌ಗೆ. ಆ ಎಲ್ಲವನ್ನೂ ಸ್ಕ್ಯಾನ್ ಮಾಡಿ ಮತ್ತೆ ಒಂದರ ಮೇಲೊಂದು ಕೂಡಿಸಿದರು. ನೀವು ನೋಡುವುದು 1987ರ ಮಾದರಿಯನ್ನೇ, 1987ರ ಬೆಳಕನ್ನೇ; ಟೇಪಿನ ಕೊಳೆ ಮಾತ್ರ ಇಲ್ಲ. ವಿಡಿಯೊದಲ್ಲೇ ಹುಟ್ಟಿದ್ದ ಕಿರಣಗಳು, ಕೆಲವು ಗ್ರಹಗಳು ಮುಂತಾದವನ್ನಷ್ಟೇ ಹೊಸದಾಗಿ ಮಾಡಿದರು. ಕೆಲವು ಚೂರುಗಳ ಫಿಲ್ಮ್ ಸಿಗದೆ ಟೇಪಿನಿಂದಲೇ ಹಿಗ್ಗಿಸಿ ಹಾಕಬೇಕಾಯಿತು. ಚೌಕಟ್ಟು ಹಳೆಯ ಟಿವಿಯ 4:3 (ಅಗಲ:ಎತ್ತರ) ಆಗಿಯೇ ಉಳಿಯಿತು. ಅಗಲ ಮಾಡಿದ್ದರೆ ಬದಿಯಲ್ಲಿ ನಿಲ್ಲಿಸಿದ್ದ ಲೈಟು, ಸ್ಟ್ಯಾಂಡು ಎಲ್ಲ ಕಾಣುತ್ತಿದ್ದವು. ಮೇಲೆ ಕೆಳಗೆ ಕತ್ತರಿಸಿ 16:9 ಮಾಡಿದ್ದರೆ ಚಿತ್ರದ ಕಾಲು ಭಾಗವೇ ಹೋಗುತ್ತಿತ್ತು. ಈ ಇಡೀ ಅಂಕಣದಲ್ಲಿ ‘ಹೀಗೆ ಮಾಡಬೇಕು’ ಎಂದು ಬೆರಳು ತೋರಿಸುವುದಿದ್ದರೆ ಈ ಕೆಲಸದ ಕಡೆಗೇ.

‘ಸ್ಟಾರ್ ಟ್ರೆಕ್’ ಕುಟುಂಬದ್ದೇ ಆದ ‘ಡೀಪ್ ಸ್ಪೇಸ್ ನೈನ್’ಗೂ ಇದೇ ದಾರಿ ಬೇಕು. ಆದರೆ ಅದರ ಕೊನೆಯ ಸೀಸನ್‌ಗಳ ಯುದ್ಧದ ಎಫೆಕ್ಟ್‌ಗಳಲ್ಲಿ ಕಂಪ್ಯೂಟರ್‌ನದ್ದೇ ದೊಡ್ಡ ಪಾಲು. ಅವು ಹುಟ್ಟಿದ್ದೇ ಟಿವಿ ಗಾತ್ರದಲ್ಲಿ, ಸ್ಕ್ಯಾನ್ ಮಾಡಲು ಹಿಂದೆ ಫಿಲ್ಮ್ ಇಲ್ಲ. ಮಾಡಿದರೆ ಮತ್ತೆ ರೆಂಡರ್ ಮಾಡಬೇಕು, ಅಂದರೆ ಕಂಪ್ಯೂಟರ್‌ನಲ್ಲಿ ಹೊಸದಾಗಿ ಚಿತ್ರ ತೆಗೆಯಬೇಕು. ಖರ್ಚು ಏರುತ್ತದೆ, ಡಿಸ್ಕ್ ಕೊಳ್ಳುವವರು ಕಡಿಮೆಯಾಗುತ್ತಿದ್ದಾರೆ.

‘ಸ್ಟಾರ್ ಟ್ರೆಕ್’ಗೆ ಸಂಬಂಧವಿಲ್ಲದ ‘ಬ್ಯಾಬಿಲಾನ್ 5’ ಸರಣಿಯದ್ದು ಇನ್ನೂ ಕಷ್ಟ. ಅದರ ನೌಕೆಗಳು ಅಮಿಗಾ ಕಂಪ್ಯೂಟರ್, ವಿಡಿಯೊ ಟೋಸ್ಟರ್ ಕಾರ್ಡ್, ಲೈಟ್‌ವೇವ್ ಸಾಫ್ಟ್‌ವೇರ್‌ಗಳ ಕೂಸು. 1993ರ ಮೊದಲ ಟೆಲಿಚಿತ್ರಕ್ಕೆ ಎಫೆಕ್ಟ್‌ಗಾಗಿ ಎಮ್ಮಿ ಪ್ರಶಸ್ತಿಯೂ ಬಂತು. ನಟರನ್ನು ಅಗಲ ಚೌಕಟ್ಟಿಗೂ ಹೊಂದುವಂತೆ ತೆಗೆದರು, ಎಫೆಕ್ಟ್ ಮಾತ್ರ 4:3ರಲ್ಲಿ. ಡಿವಿಡಿಗೆ ಅಗಲ ಮಾಡುವಾಗ ಎಫೆಕ್ಟ್ ಇರುವ ಶಾಟ್‌ಗಳನ್ನು ಮೇಲೆ ಕೆಳಗೆ ಕತ್ತರಿಸಿ ಹಿಗ್ಗಿಸಿದರು. ಹಾಗಾಗಿ ಪಿಸ್ತೂಲಿನಿಂದ ಕಿರಣ ಹೊರಟ ಕೂಡಲೇ ಇಡೀ ಚಿತ್ರ ಮಂಜಾಗುವ ಚೋದ್ಯ. 2021ರ ಹೊಸ ರೂಪದಲ್ಲಿ ಎಲ್ಲವನ್ನೂ 4:3ಕ್ಕೆ ತಂದು, ಫಿಲ್ಮ್ ಭಾಗ ಸ್ಕ್ಯಾನ್ ಮಾಡಿ, ಗ್ರಾಫಿಕ್ಸ್ ಭಾಗವನ್ನು ಹಿಗ್ಗಿಸಿದ್ದಾರೆ. ಮೆತ್ತಗೆ ಕಂಡರೂ ಏಕರೂಪವಾಗಿದೆ, ಅಷ್ಟರಮಟ್ಟಿಗೆ ಕ್ಷೇಮ.

ಪ್ರಶ್ನೆ: ಬಿಬಿಸಿಯ ‘ಡಾಕ್ಟರ್ ಹೂ’ ಹಳೆಯ ಕಂತುಗಳನ್ನೂ ಹೀಗೆ ಫಿಲ್ಮ್‌ನಿಂದ ಎತ್ತಬಹುದೇ? – ಓದುಗರು, ಉಡುಪಿ

ಉತ್ತರ: ಬಹುತೇಕ ಆಗದು. ಎಪ್ಪತ್ತರ ದಶಕದ ಕಂತುಗಳಲ್ಲಿ ಸ್ಟುಡಿಯೊ ದೃಶ್ಯಗಳು 625 ಗೆರೆಗಳ ವಿಡಿಯೊದಲ್ಲಿ, ಹೊರಾಂಗಣ 16 ಎಂಎಂ ಫಿಲ್ಮ್‌ನಲ್ಲಿ. ಬಿಬಿಸಿ ‘ಸಿಎಸ್‌ಒ’ ಎಂದು ಕರೆಯುತ್ತಿದ್ದ ಬಣ್ಣದ ಪರದೆಯ ತಂತ್ರದಲ್ಲಿ ಎರಡು ಕ್ಯಾಮೆರಾಗಳ ಚಿತ್ರ ಸ್ಟುಡಿಯೊದಲ್ಲೇ, ಆ ಕ್ಷಣದಲ್ಲೇ ಬೆರೆತು ಟೇಪಿಗೆ ಇಳಿಯುತ್ತಿತ್ತು. ಹಿಟ್ಟು ಕಲಸಿದ ಮೇಲೆ ನೀರು ಬೇರೆ ಮಾಡಲು ಬಾರದು. ಉಳಿದದ್ದು ಮೇಲೆ ತೇಪೆ ಹಾಕುವುದು. ಅದನ್ನು ಡಿಸ್ಕ್‌ಗಳಲ್ಲಿ ಐಚ್ಛಿಕವಾಗಿ ಇಟ್ಟಿರುವುದು ಜಾಣತನ. 1975ರ ‘ದಿ ಆರ್ಕ್ ಇನ್ ಸ್ಪೇಸ್’ನಲ್ಲಿ ಮೆನುವಿನಿಂದ ಹೊಸ ಎಫೆಕ್ಟ್ ಆರಿಸಿಕೊಳ್ಳಬಹುದು, ಬಿಡಬಹುದು. 1972ರ ‘ಡೇ ಆಫ್ ದಿ ಡಾಲೆಕ್ಸ್’ನಲ್ಲಿ ಕೈಲಿದ್ದ, ಕಥೆಯ ಶತ್ರುಗಳಾದ ಡಾಲೆಕ್‌ಗಳು ಮೂರೇ ಮೂರು, ಸೈನ್ಯ ದಾಳಿ ಮಾಡುತ್ತಿದೆ ಎಂದರೆ ನಂಬುವುದು ಕಷ್ಟ. 2011ರ ಡಿವಿಡಿಯಲ್ಲಿ ಹೊಸ ಶಾಟ್‌, ಹೊಸ ದನಿ ಸೇರಿಸಿ ಬೇರೆ ರೂಪ ಮಾಡಿದರು, ಮೂಲವನ್ನೂ ಜೊತೆಗಿಟ್ಟರು.

ವಿರುದ್ಧ ಉದಾಹರಣೆ ಬಿಬಿಸಿಯ ಹಾಸ್ಯ ಸರಣಿ ‘ರೆಡ್ ಡ್ವಾರ್ಫ್’. 1998ರಲ್ಲಿ ಅದರ ಮೊದಲ ಮೂರು ಸೀಸನ್‌ಗಳ ಮಾದರಿ ನೌಕೆಗಳನ್ನು ಕಿತ್ತು ಕಂಪ್ಯೂಟರ್ ನೌಕೆ ಹಾಕಿದರು, ವಿಡಿಯೊ ಚಿತ್ರಕ್ಕೆ ಫಿಲ್ಮಿನ ವೇಷ ತೊಡಿಸಿದರು. ಮಾದರಿಗಳೇ ಚೆನ್ನಾಗಿದ್ದವು ಎಂಬುದು ನೋಡಿದ ಅನೇಕರ ಮಾತು. ಮುಂದೆ ಡಿವಿಡಿ ತರುವಾಗ ಮೂಲಕ್ಕೇ ಮರಳಬೇಕಾಯಿತು.

ಪ್ರಶ್ನೆ: ಆನಿಮೇಷನ್ ಓದುತ್ತಿದ್ದೇನೆ. ಅಭ್ಯಾಸಕ್ಕೆ ಹಳೆಯ ಶೈಲಿಯ ಒಂದು ನೌಕೆಯ ಶಾಟ್ ಅನ್ನು ಬ್ಲೆಂಡರ್ ಎಂಬ 3ಡಿ ಸಾಫ್ಟ್‌ವೇರ್‌ನಲ್ಲಿ ಮಾಡಿದೆ. ಮಾಡೆಲ್ ಸರಿಯಿದೆ, ಆದರೂ ಹಳೆಯ ದೃಶ್ಯಗಳ ನಡುವೆ ಇಟ್ಟರೆ ವಿಡಿಯೊ ಗೇಮ್‌ನಂತೆ ಕಾಣುತ್ತದೆ. – ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ತಪ್ಪು ಸಾಮಾನ್ಯವಾಗಿ ಮಾಡೆಲ್‌ನಲ್ಲಿ ಇರುವುದಿಲ್ಲ, ಕ್ಯಾಮೆರಾದಲ್ಲಿರುತ್ತದೆ. ಹಳೆಯ ಶಾಟ್‌ನಲ್ಲಿ ಕ್ಯಾಮೆರಾ ಹಳಿಯ ಮೇಲೆ ಒಂದೇ ಸಮನೆ ಸಾಗುತ್ತಿತ್ತು. ನಿಮ್ಮದು ಗಿಡುಗನಂತೆ ಎರಗಿ ತಿರುಗಿದರೆ ಕಣ್ಣು ಮೊದಲು ಹಿಡಿಯುವುದೇ ಅದನ್ನು. ನೇರ ಹಾದಿ, ಒಂದೇ ವೇಗ ಇಟ್ಟು ನೋಡಿ.

ಸೆಕೆಂಡಿಗೆ 24 ಫ್ರೇಮ್ ಇಡಿ. ಚಲನೆಯ ಮಸುಕು, ಅಂದರೆ ಮೋಷನ್ ಬ್ಲರ್‌ನ ಶಟರ್ 0.5 ಇರಲಿ, ಅದು ಫಿಲ್ಮ್ ಕ್ಯಾಮೆರಾದ 180 ಡಿಗ್ರಿ ಶಟರ್‌ಗೆ ಸಮ. ರೆಂಡರ್ ಅನ್ನು ಪಿಎನ್‌ಜಿ ಬದಲು 16 ಬಿಟ್ ಓಪನ್‌ಇಎಕ್ಸ್ಆರ್‌ನಲ್ಲಿ ತೆಗೆಯಿರಿ; ದೀಪಗಳ ಹೊಳಪು ಮೊಟಕಾಗುವುದಿಲ್ಲ, ಆಮೇಲೆ ತಿದ್ದಲು ಜಾಗವಿರುತ್ತದೆ. ಆಕಾಶವನ್ನು ಶುದ್ಧ ಸೊನ್ನೆ ಕಪ್ಪಿಗೆ ಬಿಡಬೇಡಿ. ಪಕ್ಕದ ಮೂಲ ಶಾಟ್‌ನ ಕಪ್ಪನ್ನು ಬೆಳಕಿನ ಮಟ್ಟ ತೋರಿಸುವ ವೇವ್‌ಫಾರ್ಮ್‌ನಲ್ಲಿ ಅಳೆದು ಅದಕ್ಕೆ ಎತ್ತಿ. ಅಂಚುಗಳ ಹರಿತವನ್ನೂ ಹಾಗೆಯೇ: ಮೂಲದಲ್ಲಿ ಒಂದು ಅಂಚು ಬೆಳಕಿನಿಂದ ಕತ್ತಲೆಗೆ ಹೋಗಲು ಎಷ್ಟು ಪಿಕ್ಸೆಲ್ ತೆಗೆದುಕೊಳ್ಳುತ್ತದೆಂದು ಎಣಿಸಿ, ನಿಮ್ಮದನ್ನೂ ಅಷ್ಟು ಮಸುಕು ಮಾಡಿ. ಕಣವನ್ನು ಕೊನೆಯಲ್ಲಿ ಹಾಕಿ, ಪ್ರತಿ ಫ್ರೇಮಿಗೂ ಬೇರೆ ಬೇರೆ. ಒಂದೇ ಕಣದ ಚಿತ್ರ ನಿಂತಲ್ಲೇ ನಿಂತರೆ ಕೊಳಕು ಗಾಜಿನ ಹಿಂದೆ ನೋಡಿದಂತಾಗುತ್ತದೆ. ಫಿಲ್ಮ್ ಗೇಟಿನಲ್ಲಿ ಅಲುಗುವ ನಡುಕಕ್ಕೆ 1080ರ ಚಿತ್ರದಲ್ಲಿ ಅರ್ಧದಿಂದ ಒಂದು ಪಿಕ್ಸೆಲ್ ಸಾಕು.

ಅಳತೆ ತಪ್ಪುವ ಇನ್ನೊಂದು ಜಾಗ ಉದ್ದ. ಮೂಲ ಶಾಟ್ 4 ಸೆಕೆಂಡ್ ಇದ್ದರೆ ನಿಮ್ಮದು 96 ಫ್ರೇಮ್, 97 ಅಲ್ಲ. ಸಂಗೀತವೂ ಮಾತೂ ಆ ಕತ್ತರಿಗೆ ಹೊಂದಿಕೊಂಡಿವೆ. ಶಾಟ್‌ನ ಕೊನೆಯಲ್ಲಿ ಒಂದು ದೃಶ್ಯ ಇನ್ನೊಂದರೊಳಗೆ ಕರಗುವ ಡಿಸಾಲ್ವ್ ಇದ್ದರೆ ಆ ಉದ್ದಕ್ಕೂ ಹೆಚ್ಚುವರಿ ಫ್ರೇಮ್ ರೆಂಡರ್ ಮಾಡಿ. ಹಳೆಯ ಡಿಸಾಲ್ವ್ ಕೂಡ ಆಪ್ಟಿಕಲ್ ಪ್ರಿಂಟರ್‌ನ ಕೆಲಸವೇ, ಅದರೊಳಗಿನ ನಟರ ಚಿತ್ರವೂ ಮಸುಕಾಗಿರುತ್ತದೆ. ಅರ್ಧ ಹೊಸದು ಅರ್ಧ ಹಳೆಯದು ಅಂಟಿಸಿದರೆ ಬೆಸುಗೆ ಎದ್ದು ಕಾಣುತ್ತದೆ.

ಪ್ರಶ್ನೆ: ನನ್ನ ಬಳಿ ‘ಡೀಪ್ ಸ್ಪೇಸ್ ನೈನ್’ ಡಿವಿಡಿಗಳಿವೆ. ಎಐ ಸಾಫ್ಟ್‌ವೇರ್‌ನಲ್ಲಿ ಹಿಗ್ಗಿಸಿದೆ. ಮುಖಗಳು ಮೇಣದ ಬೊಂಬೆಯಂತಾದವು, ನಕ್ಷತ್ರಗಳೇ ಮಾಯ. – ಓದುಗರು, ನ್ಯೂಜೆರ್ಸಿ

ಉತ್ತರ: ಎರಡಕ್ಕೂ ಕಾರಣ ಹಿಗ್ಗಿಸುವ ಮೊದಲಿನ ಹಂತಗಳಲ್ಲಿದೆ. ನಿಮ್ಮದು ಅಮೆರಿಕದ ಡಿಸ್ಕ್ ಆಗಿರುವುದು ಒಳ್ಳೆಯದೇ. ಸರಣಿ ಮುಗಿದದ್ದೇ ಎನ್‌ಟಿಎಸ್‌ಸಿ ಟೇಪಿನಲ್ಲಿ, ಭಾರತ, ಯುರೋಪಿನ ಟಿವಿ ಮಾನದಂಡವಾದ ಪಾಲ್ ಡಿಸ್ಕ್‌ಗಳು ಅದರ ಪರಿವರ್ತಿತ ನಕಲು.

ಮೊದಲು ಒಂದು ದೃಶ್ಯವನ್ನು ಫ್ರೇಮ್ ಫ್ರೇಮ್ ಆಗಿ ಸರಿಸಿ. ಮೂರು ಫ್ರೇಮ್ ಶುಭ್ರ, ಎರಡು ಬಾಚಣಿಗೆ ಹಲ್ಲಿನಂತೆ ಗೆರೆಗೆರೆ, ಹೀಗೆ ಮರುಕಳಿಸಿದರೆ ಅದು 24 ಫ್ರೇಮ್‌ನ ಫಿಲ್ಮ್ ಅನ್ನು 3:2 ಲೆಕ್ಕದಲ್ಲಿ ವಿಡಿಯೊಗೆ ಹಂಚಿದ್ದು. ಇದಕ್ಕೆ ಗೆರೆಗಳನ್ನು ನುಣುಪಾಗಿಸುವ ಡಿಇಂಟರ್‌ಲೇಸ್ ಮಾಡಬಾರದು. ಮಾಡಿದರೆ ವಿವರ ಹೋಗುತ್ತದೆ, ಹೋದ ವಿವರವನ್ನು ಎಐ ಊಹಿಸಿ ತುಂಬುತ್ತದೆ, ಮೇಣದ ಮುಖ ಬರುವುದು ಅಲ್ಲಿಂದಲೇ. ಬದಲಿಗೆ ಆ ಹಂಚಿಕೆಯನ್ನು ಹಿಂದಿರುಗಿಸಬೇಕು: ವಿಡಿಯೊ ತಿದ್ದುವ ಅವಿಸಿಂಥ್ ಸಾಫ್ಟ್‌ವೇರ್‌ನ ಟಿಐವಿಟಿಸಿ ಪ್ಲಗಿನ್‌ನಲ್ಲಿ ಟಿಎಫ್‌ಎಂ, ಆಮೇಲೆ ಟಿಡೆಸಿಮೇಟ್ ಓಡಿಸಿ 29.97ರಿಂದ 23.976ಕ್ಕೆ ಇಳಿಸಿ. ಕೆಲವು ಎಫೆಕ್ಟ್ ಶಾಟ್‌ಗಳು ವಿಡಿಯೊದಲ್ಲೇ ಹುಟ್ಟಿದವು, ಅಲ್ಲಿ ಈ ಲೆಕ್ಕ ಮುರಿಯುತ್ತದೆ. ಅವನ್ನು ಬೇರೆ ಮಾಡಿ ಕ್ಯೂಟಿಜಿಎಂಸಿ ಎಂಬ ಡಿಇಂಟರ್‌ಲೇಸ್ ಫಿಲ್ಟರ್ ಬಳಸಿ.

ನಕ್ಷತ್ರ ಅಳಿಸಿದ್ದು ನಾಯ್ಸ್ ತೆಗೆಯುವ ಫಿಲ್ಟರ್. ಕಪ್ಪಿನ ಮೇಲಿನ ಒಂದು ಬಿಳಿ ಚುಕ್ಕೆ ಅದರ ಕಣ್ಣಿಗೆ ಧೂಳು. ಅಂತರಿಕ್ಷದ ಶಾಟ್‌ಗಳಿಗೆ ಆ ಫಿಲ್ಟರ್ ಸೊನ್ನೆ ಮಾಡಿ. ಗಾತ್ರ 1440×1080 ಇರಲಿ, 1920ಕ್ಕೆ ಎಳೆಯಬೇಡಿ.

ಇಡೀ ಕಂತು ಹಾಕುವ ಮುನ್ನ 10 ಸೆಕೆಂಡಿನ ಮೂರು ತುಣುಕು ನೋಡಿ: ಒಂದು ಮುಖ, ಒಂದು ನಕ್ಷತ್ರದ ಶಾಟ್, ಅಕ್ಷರವಿರುವ ಒಂದು ಫಲಕ. 45 ನಿಮಿಷದ ಕಂತಿನಲ್ಲಿ ಸುಮಾರು 64,700 ಫ್ರೇಮ್. ಕಂಪ್ಯೂಟರ್ ಸೆಕೆಂಡಿಗೆ 5 ಮಾಡಿದರೂ ಮೂರೂವರೆ ಗಂಟೆ. ಸೆಟ್ಟಿಂಗ್ ತಪ್ಪಾಗಿ ನೂರು ಕಂತು ಓಡಿಸಿದರೆ 15 ದಿನದ ಕರೆಂಟು ದಂಡ. ಆದದ್ದನ್ನು ಮನೆಯೊಳಗೇ ನೋಡಿ, ಹಂಚುವ ಹಕ್ಕು ನಿಮಗಿಲ್ಲ.

ಪ್ರಶ್ನೆ: ‘ಸತ್ಯ ಹರಿಶ್ಚಂದ್ರ’, ‘ಕಸ್ತೂರಿ ನಿವಾಸ’ಕ್ಕೆ ಬಣ್ಣ ಹಾಕಿದಾಗ ನಾವೆಲ್ಲ ಟಿಕೆಟ್ ತೆಗೆದು ನೋಡಿದೆವು. ಅದು ಸರಿ, ನೌಕೆ ಬದಲಿಸಿದ್ದು ತಪ್ಪು ಎನ್ನುವುದು ಯಾವ ನ್ಯಾಯ? – ಓದುಗರು, ಮಂಡ್ಯ

ಉತ್ತರ: ತಪ್ಪೆಂದು ನಾವು ಹೇಳುತ್ತಿಲ್ಲ. 1965ರ ‘ಸತ್ಯ ಹರಿಶ್ಚಂದ್ರ’ 2008ರಲ್ಲಿ, 1971ರ ‘ಕಸ್ತೂರಿ ನಿವಾಸ’ 2014ರಲ್ಲಿ ಬಣ್ಣದಲ್ಲಿ ತೆರೆಗೆ ಬಂದವು, ಹೊಸ ತಲೆಮಾರು ಚಿತ್ರಮಂದಿರಕ್ಕೆ ಬಂತು. ನಾವು ಕೇಳುವುದು ಇಷ್ಟೇ: ಕಪ್ಪು–ಬಿಳುಪಿನ ಮೂಲಕ್ಕೂ ಅಷ್ಟೇ ಮುತುವರ್ಜಿಯ ಸ್ಕ್ಯಾನ್ ಸಿಕ್ಕಿದೆಯೇ, ಬೇಕೆಂದವರಿಗೆ ಅದು ನೋಡಲು ಸಿಗುತ್ತದೆಯೇ? ಕಪ್ಪು–ಬಿಳುಪಿನ ಛಾಯಾಗ್ರಾಹಕ ಬೆಳಕಿಟ್ಟಿರುವುದು ಬೂದು ಬಣ್ಣದ ಮೆಟ್ಟಿಲುಗಳನ್ನು ಲೆಕ್ಕ ಹಾಕಿ. ಮೇಲೆ ಬಣ್ಣ ಬಂದಾಗ ಆ ಲೆಕ್ಕ ಮುಚ್ಚಿಹೋಗುತ್ತದೆ.

2023ರಲ್ಲಿ ಬಿಬಿಸಿ, ‘ಡಾಕ್ಟರ್ ಹೂ’ವಿನ ಮೊದಲ ಡಾಲೆಕ್ ಕಥೆಗೆ ಬಣ್ಣ ಹಾಕಿ ಏಳು ಕಂತುಗಳನ್ನು 75 ನಿಮಿಷಕ್ಕೆ ಇಳಿಸಿತು. ಬಣ್ಣಕ್ಕಿಂತ ಕತ್ತರಿಯೇ ಹೆಚ್ಚು ಬದಲಿಸಿದ್ದು. ಮೂಲ ಏಳು ಕಂತುಗಳು ಬೇರೆಯಾಗಿ ಸಿಗುವುದರಿಂದ ನಮಗೆ ದೂರಿಲ್ಲ. ಓಟಿಟಿಯಲ್ಲಿ ‘ಸ್ಟಾರ್ ಟ್ರೆಕ್’ನ ಹೊಸ ರೂಪ ಮಾತ್ರ ಇಟ್ಟು ಅದರ ಮೇಲೆ ‘1966’ ಎಂದು ಬರೆಯುತ್ತಾರಲ್ಲ, ದೂರು ಅದರ ಮೇಲೆ. ‘ಎಫೆಕ್ಟ್ 2006’ ಎಂದು ಒಂದು ಸಾಲು ಸೇರಿಸಲು ಖರ್ಚೇನಿಲ್ಲ.

ಪ್ರಶ್ನೆ: ಮಕ್ಕಳಿಗೆ ಹಳೆಯ ‘ಸ್ಟಾರ್ ಟ್ರೆಕ್’ ತೋರಿಸಿದರೆ ನಗುತ್ತಾರೆ. ಯಾವುದರಿಂದ ಶುರು ಮಾಡಲಿ? – ಓದುಗರು, ತುಮಕೂರು

ಉತ್ತರ: ‘ಬ್ಯಾಲೆನ್ಸ್ ಆಫ್ ಟೆರರ್’. ಕಣ್ಣಿಗೆ ಕಾಣದ ಶತ್ರು ನೌಕೆಯನ್ನು ಬೆನ್ನಟ್ಟುವ, ಜಲಾಂತರ್ಗಾಮಿ ಯುದ್ಧದಂಥ ಕಥೆ. ಉಸಿರು ಬಿಗಿಹಿಡಿಯುವುದು ಮುಖಗಳಿಂದ, ನೌಕೆಯಿಂದಲ್ಲ. 2006ರ ಪ್ರಸಾರವೂ ಇದರಿಂದಲೇ ಶುರುವಾಗಿತ್ತು. ಅದಾದ ಮೇಲೆ ‘ಡೂಮ್ಸ್‌ಡೇ ಮೆಷಿನ್’ ಹೊಸ ರೂಪದಲ್ಲಿ.

ಹಾಕುವ ಮುನ್ನ ಟಿವಿಯ ಮೋಷನ್ ಸ್ಮೂತಿಂಗ್ ಆಫ್ ಮಾಡಿ. ಅದು ಇಲ್ಲದ ಫ್ರೇಮ್‌ಗಳನ್ನು ಹುಟ್ಟಿಸಿ ಸೆಟ್ಟಿನ ಪ್ಲೈವುಡ್ ಅನ್ನು ಪ್ಲೈವುಡ್ಡಾಗಿಯೇ ತೋರಿಸುತ್ತದೆ. ಶಾರ್ಪ್‌ನೆಸ್ ಇಳಿಸಿ. ಚಿತ್ರದ ಎರಡೂ ಬದಿ ಕಪ್ಪು ಪಟ್ಟಿ ಇರಬೇಕು. ಇಲ್ಲದಿದ್ದರೆ ಟಿವಿ ಚಿತ್ರವನ್ನು ಎಳೆದು ಅಗಲ ಮಾಡಿದೆ, ಕರ್ಕ್ ಹತ್ತು ಕಿಲೋ ಹೆಚ್ಚು ತೂಗುತ್ತಾನೆ.